ಸೊಪ್ಪು ಮೊದಲು, ಹುಳು ಆಮೇಲೆ

ಮಿನೆಸೋಟ ರಾಜ್ಯಕ್ಕೆ ತನ್ನದೇ ಒಂದು ಚಿಟ್ಟೆ ಬೇಕು ಎಂದು ಶಾಸಕರನ್ನು ಕೇಳಿಕೊಂಡವರು ಮಟೊಮೀಡೈ ಎಂಬ ಊರಿನ ನಾಲ್ಕನೇ ತರಗತಿಯ ಮಕ್ಕಳು. ಅವರು ಆರಿಸಿದ್ದು ಮೊನಾರ್ಕ್. 2000ನೇ ಇಸವಿಯಲ್ಲಿ ಅದು ಕಾನೂನೂ ಆಯಿತು. ಆ ರಾಜ್ಯದ ಪ್ರಾಥಮಿಕ ಶಾಲೆಯಲ್ಲಿ ಒಂದು ಸೆಪ್ಟೆಂಬರ್ ಕಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಅಲ್ಲಿ ಶಾಲೆಗಳು ಬಹುಮಟ್ಟಿಗೆ ಬಾಗಿಲು ತೆರೆಯುವುದು ಲೇಬರ್ ಡೇ ಕಳೆದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ. ಹೊಲದಂಚಿನ, ರಸ್ತೆಬದಿಯ ಮಿಲ್ಕ್‌ವೀಡ್ ಗಿಡಗಳ ಮೇಲೆ ಆ ವರ್ಷದ ಕಡೆಯ ಪೀಳಿಗೆಯ ಮೊನಾರ್ಕ್ ಹುಳುಗಳು ಎಲೆ ತಿನ್ನುವುದೂ ಆಗಲೇ. ಶಾಲೆಯ ಮೊದಲ ದಿನ ಹೊಸ ಪೆನ್ಸಿಲ್ ಡಬ್ಬಿ ಹಿಡಿದು ಬರುವ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಇನ್ನೊಂದು ಡಬ್ಬಿಯಲ್ಲಿ ಹುಳುವನ್ನು ಹಿಡಿದುಕೊಂಡು ಬರುತ್ತಾರೆ.

2012ರಲ್ಲಿ ಮಿನಿಯಾಪೊಲಿಸ್ ನಗರದ ನೈಋತ್ಯಕ್ಕಿರುವ ಒಂದು ಊರಿನ ಶಾಲೆಯಲ್ಲಿ, ಮೂರನೇ ತರಗತಿಗೆ ಸಹಾಯಕಿಯಾಗಿ ನಾನು ಸೇರಿದೆ. ತರಗತಿಯ ಟೀಚರ್ ಎಷ್ಟೋ ವರ್ಷಗಳಿಂದ ಮೊನಾರ್ಕ್ ಸಾಕುತ್ತ ಬಂದವರು. ಮಿನೆಸೋಟ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಕೇರನ್ ಓಬರ್‌ಹೌಸರ್ ಶಾಲಾ ಶಿಕ್ಷಕರಿಗಾಗಿ ನಡೆಸುತ್ತಿದ್ದ ತರಬೇತಿಯಲ್ಲಿ ಕಲಿತವರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಪರದೆಬಟ್ಟೆಯ ಪಂಜರ, ನೀರು ತುಂಬಿದ ಸಣ್ಣ ಸೀಸೆಗಳಲ್ಲಿ ಸಿಕ್ಕಿಸಿಟ್ಟ ಮಿಲ್ಕ್‌ವೀಡ್ ಕಡ್ಡಿಗಳು, ಕೆಳಗೆ ಹಾಸಿದ ಕಾಗದ. ದಿನಾ ಬೆಳಿಗ್ಗೆ ಹಿಕ್ಕೆ ತೆಗೆದು, ಹೊಸ ಎಲೆ ಹಾಕಿ, ಮಕ್ಕಳಿಗೂ ಆ ಕೆಲಸ ಕಲಿಸಬೇಕು ಎಂದು ಅವರು ನನಗೆ ವಹಿಸಿದರು. ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಕನಕಪುರದ ಹತ್ತಿರದ ಹಳ್ಳಿಯಲ್ಲಿ, ರೇಷ್ಮೆ ಹುಳುಗಳ ನಡುವೆ. ಚಾಕಿ, ಅಂದರೆ ಎಳೆಯ ಹುಳು, ಮನೆಗೆ ಬಂದ ದಿನದಿಂದ ಗೂಡು ರಾಮನಗರದ ಮಾರುಕಟ್ಟೆ ಸೇರುವವರೆಗೆ ನಮ್ಮ ಊಟ, ನಿದ್ದೆ, ಓದು ಎಲ್ಲವೂ ಹುಳುಗಳ ಊಟದ ಹೊತ್ತನ್ನು ನೋಡಿಕೊಂಡೇ ನಡೆಯಬೇಕಿತ್ತು. ಬೆಳಗಿನ ಜಾವಕ್ಕೇ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು ತರಬೇಕು. ಬಂದ ನೆಂಟರಾದರೂ ಸರಿ, ಕೈಕಾಲು ತೊಳೆಯದೆ ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ಪೊರೆ ಕಳಚಲು ಹುಳು ಜ್ವರಕ್ಕೆ ಕೂತರೆ ಸೊಪ್ಪು ನಿಲ್ಲಿಸಬೇಕು, ಜ್ವರ ಎದ್ದ ಕೂಡಲೇ ಹಾಕಬೇಕು. ನಾಲ್ಕು ಜ್ವರ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹುಳು ಹಣ್ಣಾಗುತ್ತದೆ, ಮೈ ತಿಳಿಯಾಗಿ ಹೊಳೆಯುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಶಾಲೆಗೆ ರಜೆ ಹಾಕಿಸುತ್ತಿದ್ದರು. ದೊಡ್ಡವರಿಗಿಂತ ಮಕ್ಕಳ ಬೆರಳು ಹಗುರ ಅನ್ನುವುದು ಅವ್ವನ ನಂಬಿಕೆಯಾಗಿತ್ತು.

ಮೊನಾರ್ಕಿನ ಹುಳುವೂ ನಾಲ್ಕು ಸಲ ಪೊರೆ ಕಳಚಿ ಐದು ಹಂತ ದಾಟುತ್ತದೆ. ಮೊಟ್ಟೆ ಗುಂಡುಸೂಜಿಯ ತಲೆಯಷ್ಟು, ಕೆನೆಬಣ್ಣ. ಭೂತಗನ್ನಡಿಯಲ್ಲಿ ನೋಡಿದರೆ ಮೇಲಿಂದ ಕೆಳಕ್ಕೆ ಎದ್ದ ಗೀರುಗಳು ಕಾಣುತ್ತವೆ. ತಾಯಿಚಿಟ್ಟೆ ಸಾಮಾನ್ಯವಾಗಿ ಒಂದು ಎಲೆಗೆ ಒಂದರಂತೆ ಎಲೆಯ ಅಡಿಯಲ್ಲಿ ಇಟ್ಟು ಹೋಗುತ್ತದೆ. ನಾಲ್ಕೈದು ದಿನಕ್ಕೆ ಹೊರಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಚಿಪ್ಪನ್ನೇ. ಅಲ್ಲಿಂದ ಎರಡು ವಾರದೊಳಗೆ ಅದರ ತೂಕ ಸುಮಾರು ಎರಡು ಸಾವಿರ ಪಟ್ಟು ಏರುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆ, ತಲೆಯ ಕಡೆ ಎರಡು, ಬಾಲದ ಕಡೆ ಎರಡು ಕಪ್ಪು ಎಳೆಗಳು. ಮಕ್ಕಳು ಮೊದಲ ವಾರ ಯಾವ ಕಡೆ ತಲೆ ಎಂದು ಜಗಳವಾಡುತ್ತಾರೆ. ಎರಡನೇ ವಾರಕ್ಕೆ ದೂರದಿಂದಲೇ ಗುರುತಿಸುತ್ತಾರೆ.

ಮಿಲ್ಕ್‌ವೀಡ್ ನಮ್ಮ ಎಕ್ಕದ ಸಂಬಂಧಿ. ಕಡ್ಡಿ ಮುರಿದರೆ ಅದೇ ಬಿಳಿ ಹಾಲು, ಒಣಗಿದ ಕಾಯಿ ಒಡೆದರೆ ಅದೇ ರೇಷ್ಮೆಯಂಥ ಎಳೆ ಕಟ್ಟಿಕೊಂಡು ಹಾರುವ ಬೀಜ. ಮೊನಾರ್ಕಿನ ಹತ್ತಿರದ ಬಂಧುವಾದ ಪ್ಲೇನ್ ಟೈಗರ್ ಚಿಟ್ಟೆ ನಮ್ಮ ಕಡೆ ಮೊಟ್ಟೆ ಇಡುವುದು ಎಕ್ಕದ ಮೇಲೆಯೇ. ಎರಡೂ ಗಿಡದ ಹಾಲಿನಲ್ಲಿ ಹೃದಯಕ್ಕೆ ಹೊಡೆಯುವ ವಿಷವಿದೆ. ಹುಳು ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಅದನ್ನು ತಿಂದ ಹಕ್ಕಿಗೆ ವಾಂತಿಯಾಗುತ್ತದೆ, ಮತ್ತೊಮ್ಮೆ ಆ ಬಣ್ಣದ ಹತ್ತಿರ ಸುಳಿಯುವುದಿಲ್ಲ. ಆದರೆ ಆ ಹಾಲು ಹುಳುವಿಗೂ ಅಪಾಯವೇ. ಆಗತಾನೇ ಹುಟ್ಟಿದ ಎಷ್ಟೋ ಮರಿಗಳು ಮೊದಲ ಕಡಿತಕ್ಕೇ ಅಂಟಿನಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ದೊಡ್ಡ ಹುಳು ಏನು ಮಾಡುತ್ತದೆಂದರೆ, ಎಲೆಯ ನಡುನರವನ್ನು ಬುಡದ ಹತ್ತಿರ ಕಡಿದು ಹಾಲು ಬರುವ ದಾರಿಯನ್ನೇ ಮುಚ್ಚುತ್ತದೆ. ಎಲೆ ಜೋತು ಬೀಳುತ್ತದೆ. ಆಮೇಲೆ ನಿಶ್ಚಿಂತೆಯಿಂದ ತುದಿಗೆ ಹೋಗಿ ತಿನ್ನಲು ಶುರುಮಾಡುತ್ತದೆ. ಇದನ್ನು ಮೊದಲು ಕಂಡುಹಿಡಿದವನು ನಮ್ಮ ತರಗತಿಯಲ್ಲಿ ಓದುವುದರಲ್ಲಿ ಹಿಂದೆ ಬಿದ್ದಿದ್ದ ಒಬ್ಬ ಹುಡುಗ. ನನ್ನ ಕೆಲಸ ಅವನ ಪಕ್ಕ ಕೂತು ಪುಸ್ತಕ ಓದಿಸುವುದು. ಅವನು ಪುಸ್ತಕ ಮುಚ್ಚಿ ಪಂಜರದ ಮುಂದೆ ಕೂತಿದ್ದ. ಬಹಳ ಹೊತ್ತಾದ ಮೇಲೆ, "ಮಿಸ್, ಇದು ತಿನ್ನುತ್ತಿಲ್ಲ, ಕತ್ತರಿಸುತ್ತಿದೆ" ಅಂದ. ಟೀಚರ್ ಅದನ್ನೇ ಕಾಗದದ ಮೇಲೆ ಬರೆಸಿದರು. ಆ ವರ್ಷ ಅವನು ತಾನಾಗಿ ಬರೆದ ಮೊದಲ ಪೂರ್ತಿ ವಾಕ್ಯ ಅದು. ನನ್ನ ಹತ್ತಿರ ಅದರ ಪ್ರತಿ ಇನ್ನೂ ಇದೆ.

2013ರ ಬೇಸಿಗೆಯಲ್ಲಿ ಅವ್ವ ನಮ್ಮ ಮನೆಗೆ ಬಂದಳು. ಸೆಪ್ಟೆಂಬರ್ ಬಂದಾಗ ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲು ಮನಸ್ಸಾಗದೆ ಟೀಚರನ್ನು ಕೇಳಿದೆ. ಅಜ್ಜಅಜ್ಜಿಯರು ತರಗತಿಗೆ ಬಂದು ಕೈಜೋಡಿಸುವುದು ಅಲ್ಲಿ ವಾಡಿಕೆ. ಶಾಲೆಯ ಕಚೇರಿಯಲ್ಲಿ ಹೆಸರು ಬರೆಸಿ, ಎದೆಗೆ ಚೀಟಿ ಅಂಟಿಸಿಕೊಂಡು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಅವ್ವ ಮೂರನೇ ತರಗತಿಗೆ ಬಂದಳು. ಮಕ್ಕಳ ನಮಸ್ಕಾರ ಮುಗಿಯುವ ಮೊದಲೇ ಅವಳು ಪಂಜರದ ಹತ್ತಿರ ಹೋಗಿ ನಿಂತಿದ್ದಳು.

ರೋಗ ತಗುಲದಿರಲಿ ಎಂದು ಮಿಲ್ಕ್‌ವೀಡ್ ಎಲೆಗಳನ್ನು ನಾವು ತೊಳೆದು ಹಾಕುತ್ತಿದ್ದೆವು. ಅವ್ವ ಒಂದು ಎಲೆಯನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು. "ಒದ್ದೆ ಸೊಪ್ಪು ಹಾಕ್ತೀರೇನವ್ವ? ಹುಳಕ್ಕೆ ಭೇದಿ ಹತ್ತದ? ನಿಮ್ಮ ಟೀಚರಮ್ಮಂಗೆ ಹೇಳು." ನಾನು ಹೇಳಿದೆ. ಟೀಚರ್ ಕಾಗದದ ಟವೆಲ್ ಸುರುಳಿಯನ್ನು ತಂದು ಅವಳ ಕೈಗೇ ಕೊಟ್ಟರು. ಅವತ್ತಿನಿಂದ ಬೆಳಗಿನ ಮೊದಲ ಅರ್ಧ ಗಂಟೆ ಅವ್ವನ ಸುತ್ತ ಮಕ್ಕಳು ಕೂತು ಎಲೆ ಒರೆಸುವ ಕೆಲಸ ನಡೆಯಿತು. ಎಲೆಯ ಅಡಿ, ಮೇಲೆ, ಮತ್ತೆ ಅಡಿ. ಹಾಲು ಕಣ್ಣಿಗೆ ತಾಗಬಾರದು ಎಂದು ಅವಳು ಸೆರಗಿನಲ್ಲಿ ಕಣ್ಣು ಮುಚ್ಚಿ ತೋರಿಸುತ್ತಿದ್ದಳು. ಅದಕ್ಕೆ ನಾನು ಇಂಗ್ಲಿಷಿನಲ್ಲಿ ಏನನ್ನೂ ಸೇರಿಸಬೇಕಾಗಲಿಲ್ಲ. ಪೊರೆ ಕಳಚಲು ಕದಲದೆ ಕೂತ ಹುಳುವನ್ನು ಒಂದು ಹುಡುಗಿ ಬೆರಳಿನಿಂದ ತಟ್ಟಲು ಹೋದಾಗ ಅವ್ವ ಆ ಬೆರಳನ್ನು ಹಿಡಿದು ಮಡಿಸಿ, ಅವಳ ಮಡಿಲಲ್ಲಿಟ್ಟಳು. ಆಮೇಲೆ ಯಾರೂ ತಟ್ಟಲಿಲ್ಲ.

ಆ ವರ್ಷ ಹುಳುಗಳೇ ಕಡಿಮೆ. ಹಿಂದಿನ ವರ್ಷಗಳಲ್ಲಿ ಟೀಚರ್ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲೇ ಬೇಕಾದಷ್ಟು ಸಿಗುತ್ತಿದ್ದವಂತೆ. ಆ ಸಲ ಭಾನುವಾರಗಳನ್ನೆಲ್ಲ ಕಳೆದು ನಾವು ಹುಡುಕಿ ತಂದದ್ದು ಬೆರಳಲ್ಲಿ ಎಣಿಸುವಷ್ಟು. ದುಡ್ಡು ಕೊಟ್ಟರೆ ಅಂಚೆಯಲ್ಲಿ ಹುಳು ಕಳಿಸುವವರಿದ್ದಾರೆ. ಟೀಚರ್ ಅದಕ್ಕೆ ಎಂದೂ ಒಪ್ಪಿದವರಲ್ಲ. ಇದ್ದ ಹುಳುಗಳನ್ನೇ ಮಕ್ಕಳು ಸರದಿ ಹಾಕಿಕೊಂಡು ನೋಡಿಕೊಂಡರು.

ಒಂದು ಬೆಳಿಗ್ಗೆ ದೊಡ್ಡ ಹುಳುವೊಂದು ಪಂಜರದ ಮೇಲ್ಛಾವಣಿಗೆ ಹೋಗಿ, ನೂಲಿನ ಒಂದು ಬಿಳಿ ಗುಂಡಿಯನ್ನು ನೇಯ್ದು, ಹಿಂಗಾಲಿನಿಂದ ಅದಕ್ಕೆ ಕಚ್ಚಿಕೊಂಡು ತಲೆಕೆಳಗಾಗಿ ಜೋತುಬಿದ್ದಿತ್ತು. ತಲೆ ಮೇಲಕ್ಕೆ ಡೊಂಕಾಗಿತ್ತು. ಮಾರನೆಯ ದಿನ ಗಣಿತದ ಪಾಠದ ನಡುವೆ ಅದರ ಕಪ್ಪು ಎಳೆಗಳು ಮುದುರಿ ಇಳಿಬಿದ್ದದ್ದನ್ನು ಟೀಚರ್ ನೋಡಿದರು. ಹೊತ್ತು ಬಂತು ಎಂಬುದಕ್ಕೆ ಅದೇ ಗುರುತು. ಎಲ್ಲರೂ ನೆಲದ ಮೇಲೆ ಬಂದು ಕೂತೆವು. ಡೊಂಕಾಗಿದ್ದ ಮೈ ನೆಟ್ಟಗಾಯಿತು. ತಲೆಯ ಹಿಂದೆ ಚರ್ಮ ಬಿರಿಯಿತು. ಬಿರುಕಿನಿಂದ ಒದ್ದೆಯಾದ ಹಸಿರು ಉಬ್ಬಿ ಬಂತು. ಪಟ್ಟೆಪಟ್ಟೆಯ ಚರ್ಮ ಸುಕ್ಕಾಗುತ್ತ ಸುಕ್ಕಾಗುತ್ತ ಮೇಲಕ್ಕೆ ಸರಿದು, ನೂಲಿನ ಗುಂಡಿಯ ಹತ್ತಿರ ಮುದ್ದೆಯಾಯಿತು. ಕಡೆಯ ಕ್ಷಣದಲ್ಲಿ ಆ ಕೋಶ ಹಳೆಯ ಚರ್ಮದಿಂದ ತನ್ನ ಬಾಲದ ಕಪ್ಪು ಕಡ್ಡಿಯನ್ನು ಬಿಡಿಸಿಕೊಂಡು, ಅದೇ ಗುಂಡಿಗೆ ತಿರುಚಿ ತಿರುಚಿ ಸಿಕ್ಕಿಸಬೇಕು. ತಪ್ಪಿದರೆ ಬಿದ್ದೇ ಹೋಯಿತು. ಸಿಕ್ಕಿಸಿತು. ಮುದ್ದೆಯಾಗಿದ್ದ ಚರ್ಮ ಕಳಚಿ ಕೆಳಗೆ ಬಿತ್ತು. ಸಂಜೆಯೊಳಗೆ ಮೈ ಗಟ್ಟಿಯಾಗಿ ಹಸಿರಿನ ಮೇಲೆ ಚಿನ್ನದ ಚುಕ್ಕೆಗಳು ಮೂಡಿದ್ದವು.

ಅವ್ವ ನನ್ನ ಭುಜ ಹಿಡಿದುಕೊಂಡು ನೋಡುತ್ತಿದ್ದಳು. ಬದುಕಿಡೀ ಹುಳು ಸಾಕಿದವಳು ಇದನ್ನು ಕಂಡಿರಲಿಲ್ಲ. ರೇಷ್ಮೆ ಹುಳುವೂ ಹೀಗೇ ಕಡೆಯ ಪೊರೆ ಕಳಚುತ್ತದೆ, ಆದರೆ ಅದು ನಡೆಯುವುದು ಗೂಡಿನ ಒಳಗೆ. ಹುಳು ಗೂಡಿನ ಬಾಗಿಲು ಮುಚ್ಚಿದ ಮೇಲೆ ನಮಗೆ ಕಾಣುವುದು ಗೂಡಿನ ಬಣ್ಣ, ಗಟ್ಟಿತನ ಮತ್ತು ಮಾರುಕಟ್ಟೆಯ ದರ. "ಒಳಗೆ ಇಷ್ಟೆಲ್ಲ ಪಡ್ತಾವ" ಎಂದು ಅವಳು ತನಗೇ ಹೇಳಿಕೊಂಡಳು.

ಅಂದು ಮಧ್ಯಾಹ್ನ ಮಕ್ಕಳು ಅವಳನ್ನು ಪ್ರಶ್ನೆಗಳಿಂದ ಮುತ್ತಿದರು. ನಿಮ್ಮ ಮನೆಯಲ್ಲಿ ಎಷ್ಟು ಹುಳು ಇದ್ದವು? ಸಾವಿರಾರು. ಅವುಗಳಿಗೆ ಹೆಸರಿಡುತ್ತಿದ್ದಿರಾ? ಇಲ್ಲ. ಕಡೆಗೆ ಒಬ್ಬ ಹುಡುಗಿ ಕೇಳಿದಳು: "ರೆಕ್ಕೆ ಬಂದ ಮೇಲೆ ನಿಮ್ಮ ಹುಳುಗಳು ಎಲ್ಲಿಗೆ ಹೋಗುತ್ತಿದ್ದವು?"

ನಾನು ಟೀಚರ್ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಅವ್ವ ಹೇಳಿದ್ದನ್ನು ನಾನು ಇದ್ದ ಹಾಗೇ ಹೇಳಿದೆ. ರೆಕ್ಕೆ ಬರಲು ನಾವು ಬಿಡುವುದಿಲ್ಲ. ರೆಕ್ಕೆ ಬಂದರೆ ಪತಂಗ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಎಳೆ ತುಂಡಾಗುತ್ತದೆ, ಆ ಗೂಡನ್ನು ಬಿಚ್ಚಲು ಆಗುವುದಿಲ್ಲ. ಅದಕ್ಕೇ ಅದಕ್ಕೂ ಮೊದಲೇ ಬಿಸಿಗೆ ಹಾಕಿ ಕೊಲ್ಲುತ್ತಾರೆ. ಆಮೇಲೆ ಗೂಡನ್ನು ಬಿಸಿನೀರಿನಲ್ಲಿಟ್ಟು ಎಳೆ ತೆಗೆಯುತ್ತಾರೆ. ಮೊಟ್ಟೆಗೆಂದು ಉಳಿಸಿಕೊಂಡ ಗೂಡುಗಳಿಂದ ಹೊರಬರುವ ಪತಂಗಕ್ಕೂ ಹಾರಲು ಬರುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಅದಕ್ಕೆ ಹಾರುವ ಶಕ್ತಿಯೇ ಹೋಗಿದೆ.

ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಹುಡುಗನ ಕಣ್ಣು ತುಂಬಿತ್ತು. ಅವ್ವ ಮತ್ತೂ ಒಂದು ಮಾತು ಸೇರಿಸಿದಳು. "ಆ ಹುಳದಿಂದಲೇ ನನ್ನ ಮಗಳು ಓದಿದ್ದು. ಅದನ್ನೂ ಹೇಳವ್ವ." ಹೇಳಿದೆ. ಆ ಉತ್ತರವನ್ನು ಸಿಹಿ ಮಾಡಲು ಟೀಚರ್ ಯತ್ನಿಸಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಎಂಟು ವರ್ಷದ ಮಕ್ಕಳಿಗೆ ನಿಜವನ್ನು ತಾಳಿಕೊಳ್ಳುವ ಶಕ್ತಿ ಇದೆ ಎಂಬುದನ್ನು ನಾನು ಕಂಡದ್ದು ಆ ಮಧ್ಯಾಹ್ನ.

ಅದೇ ವಾರ ಇನ್ನೊಂದು ಕೋಶದ ಹಸಿರು ಒಂದು ಪಕ್ಕದಲ್ಲಿ ಕಂದಿತು. ಚಿಟ್ಟೆ ಬರುವ ಮೊದಲು ಕೋಶ ಕಪ್ಪಾಗುವುದುಂಟು, ಇದೂ ಹಾಗೇ ಇರಬೇಕು ಎಂದು ಮಕ್ಕಳು ಸಂಭ್ರಮಪಟ್ಟರು. ಅವ್ವ ಮುಖ ಹತ್ತಿರ ತಂದು ನೋಡಿ, "ಊಜಿ ಹೊಡದದೆ ಕಣವ್ವ" ಅಂದಳು. ಮಾರನೆಯ ದಿನ ಕೋಶದಿಂದ ಬಿಳಿಯ ಅಂಟುದಾರ ಇಳಿಬಿದ್ದಿತ್ತು. ಕೆಳಗಿನ ಕಾಗದದ ಮೇಲೆ ನೊಣದ ಮರಿಹುಳುಗಳು ಸರಿದಾಡುತ್ತಿದ್ದವು. ಸಂಜೆಗೆ ಅವು ಕಂದು ಬಣ್ಣದ ಪುಟ್ಟ ಕೋಶಗಳಾದವು.

1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕ ಊಜಿ ನೊಣ ನಮ್ಮ ಕಡೆಯ ಎಷ್ಟು ಮನೆಗಳ ಬೆಳೆ ತಿಂದಿತೆಂದು ಅವ್ವನಿಗೆ ಗೊತ್ತು. ಹುಳದ ಮನೆಯ ಕಿಟಕಿಗಳಿಗೆಲ್ಲ ನೈಲಾನ್ ಬಲೆ ಬಂದದ್ದು ಅದರಿಂದಲೇ. ಮೊನಾರ್ಕ್ ಹುಳುವಿನ ಮೇಲೆ ಮೊಟ್ಟೆ ಇಡುವ ಅಮೆರಿಕದ ನೊಣವೂ ಅದೇ ಟ್ಯಾಕಿನಿಡ್ ಕುಟುಂಬದ್ದು. ಟೀಚರ್ ಇದನ್ನು ಕೇಳಿ ಗೋಡೆಯ ಮೇಲಿದ್ದ ಭೂಪಟದಲ್ಲಿ ಕನಕಪುರ ಎಲ್ಲಿದೆ ಎಂದು ಅವ್ವನನ್ನೇ ಕೇಳಿದರು. ಅವಳಿಗೆ ಭೂಪಟ ಓದಲು ಬಾರದು. ನಾನು ತೋರಿಸಿದ ಜಾಗದಲ್ಲಿ ಅವಳು ಗುಂಡುಸೂಜಿ ಚುಚ್ಚಿದಳು.

ಮೊದಲ ಚಿಟ್ಟೆ ಹೊರಬಂದ ದಿನ ಬೆಳಿಗ್ಗೆ ಕೋಶ ಗಾಜಿನಷ್ಟು ತಿಳಿಯಾಗಿತ್ತು, ಒಳಗೆ ಮಡಿಸಿದ ಕಿತ್ತಳೆ ರೆಕ್ಕೆ ಕಾಣುತ್ತಿತ್ತು. ಹೊರಬರುವ ಕೆಲಸ ಬೇಗ ಮುಗಿಯುತ್ತದೆ. ಹೊಟ್ಟೆ ದಪ್ಪ, ರೆಕ್ಕೆ ಹಿಂಡಿಟ್ಟ ಬಟ್ಟೆಯ ಹಾಗೆ ಮುದುರಿರುತ್ತದೆ. ಹೊಟ್ಟೆಯಲ್ಲಿನ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತುತ್ತ ಒತ್ತುತ್ತ ಅದನ್ನು ಹರಡಿಕೊಳ್ಳುತ್ತದೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅದರ ನಾಲಿಗೆ. ಹುಟ್ಟುವಾಗ ಅದು ಎರಡು ಸೀಳು. ಚಿಟ್ಟೆ ಅವನ್ನು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಒಂದೇ ಕೊಳವೆಯಾಗಿ ಹೊಂದಿಸಿಕೊಳ್ಳಬೇಕು. ಅದು ಆಗದಿದ್ದರೆ ಹೂವಿನ ಮುಂದೆ ಕೂತು ಹಸಿವಿನಿಂದ ಸಾಯುತ್ತದೆ. ಹಿಂದಿನ ರೆಕ್ಕೆಯ ನರದ ಮೇಲೆ ಕಪ್ಪು ಚುಕ್ಕೆ ಇದ್ದರೆ ಗಂಡು. ಇದು ಹೆಣ್ಣು.

ಬಿಡುವ ಮೊದಲು ಅದರ ರೆಕ್ಕೆಗೆ ಅಕ್ಷರ, ಅಂಕಿ ಇರುವ ಪುಟ್ಟ ದುಂಡು ಚೀಟಿಯನ್ನು ಅಂಟಿಸಿದೆವು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಆರ್ಲಿ ಟೇಲರ್ 1992ರಲ್ಲಿ ಶುರುಮಾಡಿದ ಮೊನಾರ್ಕ್ ವಾಚ್ ಇದನ್ನು ಶಾಲೆಗಳಿಗೆ ಕಳಿಸುತ್ತದೆ. ಬೇಸಿಗೆಯ ಮೊನಾರ್ಕ್‌ಗಳು ಬದುಕುವುದು ಎರಡರಿಂದ ಆರು ವಾರ. ಈ ಕಡೆಯ ಪೀಳಿಗೆ ಮಾತ್ರ ಮೊಟ್ಟೆ ಇಡುವುದನ್ನು ಮುಂದಕ್ಕೆ ಹಾಕಿ, ಎಂಟು ತಿಂಗಳವರೆಗೂ ಬದುಕಿ, ಸುಮಾರು 3000 ಕಿ.ಮೀ. ಹಾರಿ ಮೆಕ್ಸಿಕೋದ ಮಿಚೋಆಕಾನ್ ಬೆಟ್ಟಗಳ ಒಯಾಮೆಲ್ ಮರಗಳನ್ನು ಸೇರುತ್ತದೆ. ಆ ದಾರಿಯನ್ನು ಅದು ಎಂದೂ ಕಂಡಿಲ್ಲ, ಅದರ ಅಪ್ಪ ಅಮ್ಮನೂ ಕಂಡಿಲ್ಲ. ಸೂರ್ಯನನ್ನು ನೋಡಿಕೊಂಡು, ಮೀಸೆಯಲ್ಲಿರುವ ಗಡಿಯಾರದಿಂದ ಹೊತ್ತು ಲೆಕ್ಕಹಾಕಿ ದಕ್ಷಿಣ ಹಿಡಿಯುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ.

ಅವು ಹೋಗಿ ಸೇರುವ ಜಾಗ ವಿಜ್ಞಾನಿಗಳಿಗೆ ತಿಳಿದದ್ದು 1975ರಲ್ಲಷ್ಟೇ. ಟೊರಾಂಟೋದ ಫ್ರೆಡ್ ಅರ್ಕಾರ್ಟ್ ಮತ್ತು ನೋರಾ ಅರ್ಕಾರ್ಟ್ ದಂಪತಿ ದಶಕಗಳ ಕಾಲ ಊರೂರಿನ ಸ್ವಯಂಸೇವಕರಿಂದ ಚೀಟಿ ಅಂಟಿಸಿ ದಾರಿ ಹುಡುಕುತ್ತಿದ್ದರು. ಅವರ ಪರವಾಗಿ ಮೆಕ್ಸಿಕೋದಲ್ಲಿ ಅಲೆದ ಕೆನ್ ಬ್ರಗರ್ ಮತ್ತು ಕತಲೀನಾ ಅಗ್ವಾದೋ ಆ ಜನವರಿಯಲ್ಲಿ ಚಿಟ್ಟೆಗಳಿಂದ ಮುಚ್ಚಿಹೋದ ಮರಗಳನ್ನು ಕಂಡರು. ಮರುವರ್ಷ ಅರ್ಕಾರ್ಟ್ ತಾವೇ ಬೆಟ್ಟ ಹತ್ತಿದಾಗ ಚಿಟ್ಟೆಗಳ ಭಾರಕ್ಕೆ ಒಂದು ಕೊಂಬೆ ಮುರಿದು ಬಿತ್ತು. ಆ ರಾಶಿಯಲ್ಲಿ ಚೀಟಿ ಇದ್ದ ಒಂದು ಚಿಟ್ಟೆ ಸಿಕ್ಕಿತು. ಅದನ್ನು 1975ರ ಆಗಸ್ಟಿನಲ್ಲಿ ಅಂಟಿಸಿದವರು ಮಿನೆಸೋಟದ ಚಾಸ್ಕಾ ಊರಿನ ಶಿಕ್ಷಕ ಜಿಮ್ ಗಿಲ್ಬರ್ಟ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು. ಚಾಸ್ಕಾ ನಮ್ಮ ಶಾಲೆಯಿಂದ ಬಹಳ ದೂರವಿಲ್ಲ. ಟೀಚರ್ ಈ ಕಥೆಯನ್ನು ಪ್ರತಿವರ್ಷ ಹೇಳುತ್ತಾರೆ. ಹೇಳುವಾಗ ಪ್ರತಿಸಲವೂ ಅವರ ದನಿ ಏರುತ್ತದೆ.

ಚಿಟ್ಟೆಗಳು ಆ ಬೆಟ್ಟ ತಲುಪುವುದು ನವೆಂಬರ್ ಮೊದಲ ದಿನಗಳ ಆಸುಪಾಸಿಗೆ. ಅಲ್ಲಿ ಅದು ಸತ್ತ ಹಿರಿಯರನ್ನು ನೆನೆಯುವ ಹಬ್ಬದ ಕಾಲ. ಆ ಸೀಮೆಯ ಜನ ಚಿಟ್ಟೆಗಳನ್ನು ಮರಳಿ ಬಂದ ಆತ್ಮಗಳೆಂದು ನಂಬುತ್ತಾರೆ. ಇದನ್ನು ಅವ್ವನಿಗೆ ಹೇಳುವಾಗ ನಮ್ಮಲ್ಲಿ ಪಿತೃಪಕ್ಷ ನಡೆಯುತ್ತಿತ್ತು. "ಹಂಗಾದ್ರೆ ಅಲ್ಲಿ ಹಿರೀಕರು ರೆಕ್ಕೆ ಕಟ್ಕಂಡೇ ಬತ್ತಾರೆ" ಅಂದಳು. ಚಿಟ್ಟೆಯನ್ನು ಬಿಡುವಾಗ ಅವಳ ಅಂಗೈ ಮೇಲೂ ಒಂದನ್ನು ಇಟ್ಟರು. ಅದು ಕೂತೇ ಇತ್ತು. ಅವಳು ಕೈ ಎತ್ತಲಿಲ್ಲ, ಊದಲಿಲ್ಲ. ತಾನಾಗಿ ಹೋಗಲಿ ಎಂದು ಶಾಲೆಯ ಗಂಟೆ ಹೊಡೆಯುವವರೆಗೂ ಬಿಸಿಲಲ್ಲಿ ನಿಂತಿದ್ದಳು.

ಆ ಚಳಿಗಾಲದ ಸುದ್ದಿ ಕೆಟ್ಟದಾಗಿ ಬಂತು. ಚಿಟ್ಟೆಗಳನ್ನು ಮೆಕ್ಸಿಕೋದಲ್ಲಿ ಎಣಿಸುವುದು ಅವು ಮುಚ್ಚಿದ ಕಾಡಿನ ವಿಸ್ತಾರದ ಮೇಲೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್ ದಾಟಿದ್ದ ಆ ವಿಸ್ತಾರ 2013-14ರಲ್ಲಿ 0.67 ಹೆಕ್ಟೇರಿಗೆ ಇಳಿಯಿತು. ಬೆಟ್ಟದ ಕಾಡು ಕಡಿದದ್ದು, ದಾರಿಯ ಬರ, ಚಳಿ, ಬಿಸಿಲು ಎಲ್ಲದಕ್ಕೂ ಇದರಲ್ಲಿ ಪಾಲಿದೆ. ಆದರೆ ನಮ್ಮ ಕಣ್ಣೆದುರಿಗಿದ್ದ ಕಾರಣ ಬೇರೆ. 1996ರಿಂದೀಚೆಗೆ ಕಳೆನಾಶಕಕ್ಕೆ ಜಗ್ಗದ ಸೋಯಾ, ಆಮೇಲೆ ಅಂಥದೇ ಮೆಕ್ಕೆಜೋಳ ಬಂದವು. ಹೊಲದ ಸಾಲುಗಳ ನಡುವೆ ಎಂದಿನಿಂದಲೋ ಬೆಳೆಯುತ್ತಿದ್ದ ಮಿಲ್ಕ್‌ವೀಡ್ ಸತ್ತುಹೋಯಿತು. ಅಯೋವಾ, ಮಿನೆಸೋಟ, ಇಲಿನಾಯ್ ಸೀಮೆಯಲ್ಲಿ ಮೈಲಿಗಟ್ಟಲೆ ಒಂದೇ ಹಸಿರು, ಅದರಲ್ಲಿ ಹುಳುವಿಗೆ ಒಂದು ಎಲೆಯೂ ಇಲ್ಲ.

ಇದನ್ನು ಅವ್ವ ನವೆಂಬರಿನಲ್ಲಿ ಊರಿಗೆ ಹೊರಡುವ ಮೊದಲೇ ಹೇಳಿದ್ದಳು. ಹುಳು ಯಾಕೆ ಸಿಗುತ್ತಿಲ್ಲ ಎಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದಾಗ, ಮುಂದಿನ ವರ್ಷ ಇನ್ನಷ್ಟು ಪಂಜರ ಇಡೋಣ ಎಂದು ಒಬ್ಬನ ಸಲಹೆ. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವ್ವನಿಗೆ ಅರ್ಥವೇ ಆಗಲಿಲ್ಲ. "ತೋಟ ಇಲ್ದೆ ಯಾರಾರ ಚಾಕಿ ತತ್ತಾರ? ಸೊಪ್ಪು ಎಷ್ಟದೆ ಅಂತ ನೋಡ್ಕಂಡು ತಾನೆ ಹುಳ ತರೋದು? ಮೊದ್ಲು ಸೊಪ್ಪು ಹಾಕ್ಸಿ."

ಅದರ ಫಲವಾಗಿ ಮಕ್ಕಳು ಪ್ರಿನ್ಸಿಪಾಲರಿಗೆ ಕಾಗದ ಬರೆದರು. ಆಟದ ಮೈದಾನದ ಆಚೆ ವಾರವಾರ ಹುಲ್ಲು ಕತ್ತರಿಸುವ ಒಂದು ಇಳಿಜಾರು ಇತ್ತು. ಅದನ್ನು ನಮಗೆ ಬಿಡಿ ಎಂದು ಕೇಳಿದರು. ಒಪ್ಪಿಗೆ ಸಿಕ್ಕಿತು. ಅಕ್ಟೋಬರಿನಲ್ಲಿ ಅವ್ವ ಮಕ್ಕಳನ್ನು ಕಟ್ಟಿಕೊಂಡು ರಸ್ತೆಬದಿಯ ಒಣಕಾಯಿಗಳನ್ನು ಬಿಡಿಸಿದಳು, ಎಳೆಯಿಂದ ಬೀಜ ಬೇರೆ ಮಾಡುವುದನ್ನು ತೋರಿಸಿದಳು. ಟೀಚರ್ ಆಗ ಒಂದು ಹಳೆಯ ವಿಷಯ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಜಾವಾದಿಂದ ಬರುತ್ತಿದ್ದ ಬೂರುಗದಂಥ ಕಾಪಾಕ್ ಹತ್ತಿ ಜಪಾನಿನ ಪಾಲಾದಾಗ, ನಾವಿಕರ ಜೀವರಕ್ಷಕ ಅಂಗಿಗಳಿಗೆ ತುಂಬಲು ಅಮೆರಿಕದ ಶಾಲಾಮಕ್ಕಳು ಚೀಲಗಟ್ಟಲೆ ಮಿಲ್ಕ್‌ವೀಡ್ ಕಾಯಿ ಕಿತ್ತುಕೊಟ್ಟರು. ಎರಡು ಚೀಲಕ್ಕೆ ಒಂದು ಜೀವ ಎಂಬುದು ಆಗಿನ ಲೆಕ್ಕ. ಮಿಲ್ಕ್‌ವೀಡ್ ಬೀಜ ಮೊಳೆಯಲು ಒಂದು ಚಳಿಗಾಲ ನೆಲದಲ್ಲಿ ತಂಡಿ ಕುಡಿಯಬೇಕು. ಹಿಮ ಬೀಳುವ ಮುನ್ನ ಬಿತ್ತಿದೆವು.

ತರಗತಿಯಲ್ಲಿ ಚಿಟ್ಟೆ ಸಾಕುವುದರ ಬಗ್ಗೆ ಆಮೇಲೆ ಬಹಳ ಚರ್ಚೆ ನಡೆದಿದೆ. ಒಂದೇ ಕಡೆ ತುಂಬ ಹುಳು ಸಾಕಿದರೆ ರೋಗ ಹಬ್ಬುತ್ತದೆ ಎಂದು ಜೆರ್ಸಿಸ್ ಸೊಸೈಟಿಯಂಥ ಸಂಸ್ಥೆಗಳು ಎಚ್ಚರಿಸಿವೆ. ಮಾರಾಟಕ್ಕೆಂದು ಬೆಳೆಸಿದ ಮೊನಾರ್ಕ್‌ಗಳು ದಕ್ಷಿಣಕ್ಕೆ ಮುಖ ಮಾಡುವುದಿಲ್ಲ, ಕಾಡಿನ ಚಿಟ್ಟೆಗಳ ಮರಿಗಳನ್ನೇ ಒಳಾಂಗಣದಲ್ಲಿ ಬೆಳೆಸಿದರೂ ದಿಕ್ಕು ತಪ್ಪುತ್ತದೆ ಎಂದು ಶಿಕಾಗೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದರು. ಹೊರಗೆ ಬಿಟ್ಟ ಮೇಲೆ ಅವು ದಿಕ್ಕು ಹಿಡಿಯುತ್ತವೆ ಎಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನಂತರ ತೋರಿಸಿದರು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹತ್ತಿರದ ಗಿಡದಿಂದ ತಂದ ನಾಲ್ಕಾರು ಹುಳುಗಳನ್ನು ಮಕ್ಕಳು ತಮ್ಮ ಕೈಯಿಂದ ಸಾಕುವುದು ಬೇಕೇ ಬೇಕು. ಆ ಕತ್ತರಿಸುವ ಹುಳುವನ್ನು ಚಿತ್ರದಲ್ಲಿ ತೋರಿಸಿದ್ದರೆ ಆ ಹುಡುಗ ತನ್ನ ವಾಕ್ಯ ಬರೆಯುತ್ತಿರಲಿಲ್ಲ. ಆದರೆ ನೂರಾರು ಹುಳು ಕೊಂಡು ತಂದು ಸಾಕಿ ಬಿಟ್ಟು ಮೊನಾರ್ಕನ್ನು ಉಳಿಸಿದೆವು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ರೇಷ್ಮೆ ಪತಂಗಕ್ಕೆ ಏನಾಯಿತೆಂದು ನನಗೆ ಗೊತ್ತು.

ಇಳಿಜಾರಿನ ಗಿಡಗಳು ಮೊದಲ ಬೇಸಿಗೆಯಲ್ಲಿ ಗೇಣುದ್ದವೂ ಆಗಲಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಒಂದು ಅಂಚನ್ನು ಸವರಿಕೊಂಡು ಹೋಯಿತು. ಮಕ್ಕಳು ಬಣ್ಣದ ಹಲಗೆ ಬರೆದು ನೆಟ್ಟರು. 2015ರ ಜೂನ್ ಹೊತ್ತಿಗೆ ಗಿಡಗಳು ಸೊಂಟದ ಮಟ್ಟಕ್ಕೆ ಬಂದಿದ್ದವು. ಬೇಸಿಗೆ ರಜೆಗೆ ಇನ್ನು ಕೆಲವೇ ದಿನ ಇರುವಾಗ ಎಲೆಯಡಿಯಲ್ಲಿ ಮೊಟ್ಟೆಗಳು ಕಂಡವು. ಟೀಚರ್ ಅವನ್ನು ಒಳಗೆ ತರಲು ಬಿಡಲಿಲ್ಲ. ಭೂತಗನ್ನಡಿ, ನೋಟುಪುಸ್ತಕ ಹಿಡಿದು ಮಕ್ಕಳೇ ಹೊರಗೆ ಹೋಗಿ ಗಿಡಕ್ಕೆ ಎಷ್ಟು ಮೊಟ್ಟೆ, ಯಾವ ಹಂತದ ಹುಳು ಎಂದು ಎಣಿಸಿ ಬರೆದರು. ಆ ಲೆಕ್ಕ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಯಿತು.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅವಳ ಮೊದಲ ಪ್ರಶ್ನೆ, "ಸೊಪ್ಪು ಸಾಲ್ತದೇನವ್ವ?"

"ಹುಳಕ್ಕಿಂತ ಸೊಪ್ಪೇ ಜಾಸ್ತಿ ಅದೆ ಕಣವ್ವ."

"ಹಂಗಾದ್ರೆ ಬತ್ತವೆ ಬುಡು" ಅಂದು, ತನ್ನ ಹುಳ ಮೂರನೇ ಜ್ವರ ಎದ್ದಿವೆ, ಸೊಪ್ಪು ಹಾಕಬೇಕು ಎಂದು ಫೋನ್ ಇಟ್ಟಳು.